ಒಂದು ಚುಕ್ಕೆ ಹೇಳುವ ಕಥೆ

ಮಕ್ಕಳೇ, ಅಂಗನವಾಡಿಯಲ್ಲಿ ಪ್ರತಿ ತಿಂಗಳು ಪುಟ್ಟ ಮಕ್ಕಳ ತೂಕ ನೋಡುವುದನ್ನು ನೀವು ಕಂಡಿದ್ದೀರಲ್ಲವೇ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣವಿರಲಿ, ದೂರದ ಬೀದರಿನ ಹಳ್ಳಿಯಿರಲಿ, ಈ ಕೆಲಸ ಎಲ್ಲ ಕಡೆಯೂ ಇದೆ. ತೂಕ ನೋಡಿದ ಮೇಲೆ ಬೆಳವಣಿಗೆಯ ನಕ್ಷೆಯಲ್ಲಿ ಒಂದು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಏಕೆ?

ಚುಕ್ಕೆಯಿಂದ ಗೆರೆ

ಗೌರಿ ಎಂಬ ಎರಡು ವರ್ಷದ ಮಗು ಇದೆ ಎಂದಿಟ್ಟುಕೊಳ್ಳೋಣ. ಜೂನ್‌ನಲ್ಲಿ ಅವಳ ತೂಕ 10.2 ಕಿಲೋ. ಜುಲೈನಲ್ಲಿಯೂ 10.2. ಆಗಸ್ಟ್‌ನಲ್ಲಿ 10 ಕಿಲೋ. ಮೂರು ಚುಕ್ಕೆಗಳೂ ನಕ್ಷೆಯ ಹಸಿರು ಭಾಗದಲ್ಲೇ ಇವೆ. ಹಸಿರು ಎಂದರೆ ವಯಸ್ಸಿಗೆ ತಕ್ಕ ತೂಕ. ಹಾಗಾದರೆ ಚಿಂತೆಯಿಲ್ಲವೇ?

ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಿರಿ. ಗೆರೆ ಮೇಲೇರುವ ಬದಲು ಕೆಳಗಿಳಿದಿದೆ! ಗೌರಿಗೆ ಭೇದಿಯಾಗಿರಬಹುದು, ಊಟ ಸಾಲದೇ ಇರಬಹುದು. ಕಣ್ಣಿಗೆ ಕಾಣದ ತೊಂದರೆಯನ್ನು ಗೆರೆ ಮೊದಲೇ ತೋರಿಸಿತು. ಈಗ ಎಚ್ಚೆತ್ತರೆ ಸರಿಪಡಿಸುವುದು ಸುಲಭ.

ಒಂದು ಮಗುವಿನಿಂದ ಇಡೀ ನಾಡಿಗೆ

2021ರಿಂದ ಇಂಥ ತೂಕ, ಎತ್ತರಗಳನ್ನು ಅಂಗನವಾಡಿ ಕಾರ್ಯಕರ್ತೆಯರು ಮೊಬೈಲಿನ 'ಪೋಷಣ್ ಟ್ರ್ಯಾಕರ್'ನಲ್ಲಿ ತುಂಬುತ್ತಾರೆ. ಇದಲ್ಲದೆ 'ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ'ಯವರು ಆಯ್ದ ಮನೆಗಳಿಗೆ ಹೋಗಿ ಮಕ್ಕಳನ್ನು ಅಳೆಯುತ್ತಾರೆ. ಅದರ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಂಕಿಗಳೂ ಅದರಲ್ಲಿವೆ.

ಕರ್ನಾಟಕದ 5 ವರ್ಷದೊಳಗಿನ ಮಕ್ಕಳನ್ನು ನೋಡೋಣ. ಎತ್ತರಕ್ಕೆ ತಕ್ಕ ತೂಕವಿಲ್ಲದವರು 2015–16ರಲ್ಲಿ ನೂರಕ್ಕೆ 26.1 ಇದ್ದರು. 2019–21ರ ಸಮೀಕ್ಷೆಯಲ್ಲಿ 19.5ಕ್ಕೆ ಇಳಿದರು. ಸಂತೋಷ! ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು 36.2ರಿಂದ 35.4ಕ್ಕೆ ಮಾತ್ರ ಇಳಿದರು. ಬಹುಕಾಲ ಒಳ್ಳೆಯ ಆಹಾರ ಸಿಗದಿದ್ದರೆ, ಪದೇ ಪದೇ ಕಾಯಿಲೆ ಬಿದ್ದರೆ ಮಗುವಿನ ಎತ್ತರ ಕುಂಠಿತವಾಗುತ್ತದೆ. ಆದ್ದರಿಂದ ಒಂದೇ ಅಂಕಿ ನೋಡಿ 'ಎಲ್ಲ ಸರಿಹೋಯಿತು' ಎನ್ನಬಾರದು.

ಲೆಕ್ಕಕ್ಕೆ ಸಿಗದ ಮಗು

ಅಂಕಿಗಳಿಗೂ ಒಂದು ಕೊರತೆಯಿದೆ. ಕೆಲಸ ಹುಡುಕಿಕೊಂಡು ಊರೂರು ಅಲೆಯುವವರ ಮಗುವಿನ ಹೆಸರು ಯಾವ ಅಂಗನವಾಡಿಯಲ್ಲೂ ಇಲ್ಲದಿರಬಹುದು. ಆಗ ಅದಕ್ಕೆ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಅದರ ಹಸಿವು ಅಂಗನವಾಡಿಯ ಲೆಕ್ಕಕ್ಕೆ ಬರುವುದೇ ಇಲ್ಲ. ತೂಗದೆ ಅಂದಾಜಿನಲ್ಲಿ ಬರೆದ ತೂಕವೂ ಹಾಗೆಯೇ. ನೆರವು ಬೇಕಾದ ಮಗುವನ್ನು ಅದು ಮರೆಮಾಡಿಬಿಡುತ್ತದೆ.

ನೀವೂ ಮಾಡಿ

ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಮ್ಮನ ಬಳಿ 'ತಾಯಿ ಕಾರ್ಡ್' ಕೇಳಿ. ಅದರಲ್ಲಿ ಬರೆದಿರುವ ತೂಕಗಳನ್ನು ಚೌಕುಳಿ ಹಾಳೆಯಲ್ಲಿ ಗುರುತಿಸಿ, ಗೆರೆ ಎಳೆಯಿರಿ. ಗೆರೆ ಏರುತ್ತಿದೆಯೇ? ಇಲ್ಲದಿದ್ದರೆ ಅಂಗನವಾಡಿಯವರಿಗೆ ತೋರಿಸಲು ಅಮ್ಮನಿಗೆ ಹೇಳಿ. ಸಣಕಲಾಗಿರುವ ಯಾರನ್ನೂ ಹಾಸ್ಯ ಮಾಡಬೇಡಿ. ನಿಮ್ಮ ಬೀದಿಯಲ್ಲಿ ಅಂಗನವಾಡಿಗೆ ಹೋಗದ ಪುಟ್ಟ ಮಗು ಇದ್ದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ. ಆ ಮಗುವಿನ ಮೊದಲ ಚುಕ್ಕೆ ನಿಮ್ಮಿಂದಲೇ ಬೀಳಬಹುದು!