ನಿಮಗಿದು ಗೊತ್ತೆ? ಹಗ್ಗದಲ್ಲಿ ತೂಗುವಾಗ ಮೊದಲು ಸೋಲುವುದು ಮಣಿಕಟ್ಟು

ಎಡೊ ಕಾಲದ ಜಪಾನಿನಲ್ಲಿ ಆರೋಪಿಗಳನ್ನು ಹಗ್ಗದಿಂದ ಕಟ್ಟುವ ವಿದ್ಯೆಗೆ ಹೊಜೊಜುತ್ಸು ಎಂಬ ಹೆಸರಿತ್ತು. ಅದರ ಛಾಯೆಯಲ್ಲೇ 20ನೇ ಶತಮಾನದಲ್ಲಿ ವಯಸ್ಕರ ಬಂಧನಕಲೆ ಕಿನ್‌ಬಾಕು ರೂಪುಗೊಂಡಿತು. ಚಿತ್ರಕಾರ ಇತೊ ಸೇಯು (1882–1961) ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖ. ಹೊರದೇಶಗಳಲ್ಲಿ ಇದು ಶಿಬಾರಿ ಎಂದೇ ಪರಿಚಿತ. ಕಟ್ಟಿಸಿಕೊಂಡವರನ್ನು ನೆಲದಿಂದ ಎತ್ತಿ ತೂಗುಹಾಕುವುದು ಇದರ ಅತಿ ಕಠಿಣ ಹಂತ.

ಬೀಳುವ ಭಯ ಎಲ್ಲರಿಗೂ ಇರುತ್ತದೆ. ಆದರೆ ಸದ್ದಿಲ್ಲದೆ ಆಗುವ ಹಾನಿ ನರದ್ದು. ರೇಡಿಯಲ್ ನರ ತೋಳಿನ ಮೂಳೆಯನ್ನು ಸುತ್ತಿಕೊಂಡು ಹೊರಮಗ್ಗುಲಿಗೆ ಬರುತ್ತದೆ. ಕೈಗಳನ್ನು ಬೆನ್ನ ಹಿಂದೆ ಮಡಚಿ ಕಟ್ಟುವ ತಕಾತೆ ಕೋತೆಯಲ್ಲಿ ಹಗ್ಗ ಒತ್ತುವುದೂ ಅಲ್ಲೇ. ಒತ್ತಡ ಮಿತಿಮೀರಿದರೆ ಮಣಿಕಟ್ಟು ಜೋತುಬೀಳುತ್ತದೆ, ಚೇತರಿಕೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನೋವೇ ಇಲ್ಲದೆಯೂ ಹೀಗಾಗಬಹುದು ಎಂಬುದೇ ಆತಂಕದ ಸಂಗತಿ. ಅದಕ್ಕೇ ಅನುಭವಿಗಳು ‘ನೋಯುತ್ತಿದೆಯಾ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಮಣಿಕಟ್ಟನ್ನು ಹಿಂದಕ್ಕೆತ್ತಿ ಬೆರಳು ಬಿಡಿಸಿ ತೋರಿಸಲು ಆಗಾಗ ಹೇಳುತ್ತಾರೆ. ಎತ್ತಲಾಗದಿದ್ದರೆ, ಹೆಬ್ಬೆರಳಿನ ಹಿಂಬದಿ ಜೋಮು ಹಿಡಿದರೆ, ತಕ್ಷಣ ಇಳಿಸಿ ಬಿಚ್ಚಲೇಬೇಕು. ಕಟ್ಟಿಸಿಕೊಂಡವರು ‘ಸಾಕು’ ಎಂದರೂ ಅಷ್ಟೇ, ಎರಡನೇ ಮಾತಿಲ್ಲ.

ಹಗ್ಗ ಸಾಮಾನ್ಯವಾಗಿ ಸುಮಾರು 6 ಮಿ.ಮೀ. ದಪ್ಪದ ಸೆಣಬಿನದು, 7–8 ಮೀಟರ್ ಉದ್ದ. ಭಾರ ಒಂದೇ ಎಳೆಗೆ ಬೀಳದಂತೆ ಅಕ್ಕಪಕ್ಕ ಹಲವು ಸುತ್ತು ಹಾಕುತ್ತಾರೆ. ಕುತ್ತಿಗೆಗೆ ಭಾರ ಬೀಳಲೇಬಾರದು. ಕಟ್ಟಿದವರನ್ನು ಒಂಟಿಯಾಗಿ ಬಿಟ್ಟುಹೋಗುವಂತಿಲ್ಲ. ಮೊಂಡು ತುದಿಯ ಕತ್ತರಿ ಕೈಗೆಟಕುವಲ್ಲೇ ಇರಬೇಕು. ಆದರೆ ತೂಗುತ್ತಿರುವಾಗ ಮೇಲಿನ ಹಗ್ಗವನ್ನು ಕತ್ತರಿಸಿದರೆ ದೇಹ ನೇರ ನೆಲಕ್ಕೆ ಬೀಳುತ್ತದೆ. ಮೊದಲು ಮೈಭಾರವನ್ನು ಆತುಕೊಂಡು, ಆಮೇಲಷ್ಟೇ ಕತ್ತರಿ ಆಡಿಸಬೇಕು.