ಕರಡಿ ಕಾಯುವ ಮೊದಲ ರಾತ್ರಿ

ಸಂಜೆ ಐದಕ್ಕೇ ಅತ್ತೆಯ ಮನೆಯ ಪಡಸಾಲೆಯಲ್ಲಿ ಸಾಮಾನೆಲ್ಲ ಬಂದು ಕೂತಿತ್ತು. ಎಣ್ಣೆಯ ಖಾಲಿ ತಗಡಿನ ಡಬ್ಬಿ, ಅದನ್ನು ಬಾರಿಸಲು ಜಾಲಿಯ ಎರಡು ಬಡಿಗೆ, ತಲೆಗೆ ಕಟ್ಟಿಕೊಳ್ಳುವ ಎರಡು ಬ್ಯಾಟರಿ, ಕರಿ ಕಂಬಳಿ, ನೀರಿನ ಕ್ಯಾನು. ಹೋದ ದೀಪಾವಳಿಯಲ್ಲಿ ಎತ್ತಿಟ್ಟ ಪಟಾಕಿ ಸರಕ್ಕೆ ತಂಪು ಹಿಡಿಯದಂತೆ ಪ್ಲಾಸ್ಟಿಕ್ ಚೀಲ ಸುತ್ತಿತ್ತು. ಗೋಡೆಗೆ ಒರಗಿ ನಿಂತದ್ದು ಆಳೆತ್ತರದ ಬಿದಿರುಗೋಲು, ತುದಿಗೆ ಎತ್ತಿನ ಕೊರಳಿನ ಹಳೆಯ ಗೆಜ್ಜೆಸರ. ಅತ್ತೆಯ ಮಗ ಅದನ್ನು ಎತ್ತಿ ಎತ್ತಿ ನೆಲಕ್ಕೆ ಕುಟ್ಟಿ ನೋಡುತ್ತಿದ್ದ. ಹದಿನೇಳರ ಹುಡುಗ. ಹೊಲ ಕಾಯಲು ಅಪ್ಪನ ಜೊತೆ ರಾತ್ರಿ ಹೊರಡುವುದು ಅವನಿಗೆ ಇದೇ ಮೊದಲು. ನನಗೂ ಇದೇ ಮೊದಲು.

ನಾನು ಸವಣೂರಿನವನು. ದೊಡ್ಡಹುಣಸೆ ಕಲ್ಮಠದ ಮೂರು ಬೃಹತ್ ಮರಗಳನ್ನು ನೋಡಿ ಬೆಳೆದವನಿಗೆ ಅಷ್ಟೇ ಕಾಡು. ನಮ್ಮ ಕಡೆ ಎರಿಹೊಲದಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರ ಬಯಲು, ಬಂದದ್ದು ಹೋದದ್ದು ಎಲ್ಲ ಕಾಣುತ್ತದೆ. ಅತ್ತೆಯನ್ನು ಕೊಟ್ಟದ್ದು ಹಾನಗಲ್ಲಿನ ಪಡುವಣ ಅಂಚಿಗೆ. ಬಸ್ಸು ಹಾನಗಲ್ಲು ದಾಟಿತೆಂದರೆ ಭತ್ತದ ಗದ್ದೆ, ಮಾವಿನ ತೋಪು, ಅಲ್ಲಲ್ಲಿ ಅಡಿಕೆ. ಆಮೇಲೆ ಆಕಾಶದ ಅಂಚಿಗೆ ಮುಂಡಗೋಡ, ಶಿರಸಿ ಕಡೆಯ ಕಾಡಿನ ಹಸಿರು ಗೆರೆ. ಅರೆಮಲೆನಾಡು ಎನ್ನುವುದು ಇದಕ್ಕೇ. ಶಿಗ್ಗಾವಿಯ ದುಂಡಶಿ ವಲಯದಲ್ಲಿ, ಹಿರೇಕೆರೂರಿನಿಂದ ಶಿಕಾರಿಪುರದತ್ತ ಹೋಗುವ ಗುಡ್ಡಗಳಲ್ಲಿ ಕೂಡ ಹೊಲ ಮುಗಿಯುವಲ್ಲೇ ಕುರುಚಲು ಕಾಡು ಶುರುವಾಗುತ್ತದೆ. ನಡುವೆ ಬೇಲಿಯಿಲ್ಲ, ಹೆಚ್ಚೆಂದರೆ ಒಂದು ಹಳ್ಳ.

ಈಗ ಗೋವಿನಜೋಳ ಹಾಲು ತುಂಬುವ ಹೊತ್ತು. ತೆನೆಯ ಸಿಪ್ಪೆ ಸುಲಿದು ಕಾಳಿಗೆ ಉಗುರು ಒತ್ತಿದರೆ ಬೆಳ್ಳಗೆ ಹಾಲು ಚಿಮ್ಮುತ್ತದೆ. ಗಾಳಿ ಬೀಸಿದರೆ ಅದರ ಸಿಹಿ ವಾಸನೆ ಮನುಷ್ಯನ ಮೂಗಿಗೇ ಬರುತ್ತದೆ, ಇನ್ನು ಕಾಡಿನವಕ್ಕೆ ಬಾರದೇ ಇರುತ್ತದೆಯೇ? ಹೆಚ್ಚು ಹಾಳು ಮಾಡುವುದು ಹಂದಿ. ಹಿಂಡು ನುಗ್ಗಿದರೆ ಒಂದೇ ರಾತ್ರಿಗೆ ಮಡಿಗಟ್ಟಲೆ ನೆಲಕ್ಕೆ. ಹೊಲಕ್ಕೆ ಹೋಗುವುದು ಹಂದಿಯ ಸಲುವಾಗಿ. ಆದರೆ ತಯಾರಿ ಮಾಡಿಕೊಳ್ಳುವುದು ಕರಡಿಯ ಸಲುವಾಗಿ.

ಮಾವ ಹೊರಡುವ ಮುಂಚೆ ಮಗನ ಮೈ ಪರೀಕ್ಷೆ ಮಾಡಿದರು. ಜೇಬಿನಲ್ಲಿ ಬೆಲ್ಲದ ಉಂಡೆ ಇತ್ತು, ತೆಗೆಸಿದರು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಿದ್ದ, ಬಿಚ್ಚಿಸಿ ತಲೆಗೂ ಕುತ್ತಿಗೆಗೂ ಎರಡು ಸುತ್ತು ಸುತ್ತಿಸಿದರು. ಕರಡಿ ಎದ್ದು ನಿಂತು ಹೊಡೆಯುವುದು ಮುಖಕ್ಕೆ, ತಲೆಗೆ. ನಾಯಿ ಬಾಲ ಅಲ್ಲಾಡಿಸುತ್ತ ಮುಂದೆ ನಿಂತಿತ್ತು. ಅದನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಲು ಹೇಳಿದರು. ಹುಡುಗನಿಗೆ ಬೇಸರ.

"ನಾಯಿ ಇದ್ರ ಧೈರ್ಯ ಅಲ್ಲೇನಪ್ಪಾ?"

"ಹೋಗಿ ಕರಡೀನ ಕೆಣಕತೈತಿ, ಅದು ಬೆನ್ನು ಹತ್ತಿದ ಕೂಡಲೇ ಓಡಿ ನಿನ್ನ ಕಾಲಾಗ ಬರತೈತಿ. ಹಿಂದ ಕರಡಿನೂ ಬರತೈತಿ. ಬ್ಯಾಡ."

ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಾ, ನೀನೂ ಕೇಳು. ಅದರ ಕಣ್ಣು ಮಂದ, ಕಿವಿನೂ ಅಷ್ಟಕ್ಕಷ್ಟ. ಮೂಗು ಒಂದ ಚುರುಕು. ಹುತ್ತದಾಗ ಮುಖ ಹಾಕ್ಕೊಂಡು ಊದಾಕ ಹತ್ತಿದ್ರ ನೀ ಬಂದಿದ್ದು ಅದಕ್ಕ ಗೊತ್ತಾಗಂಗಿಲ್ಲ. ಹತ್ತಿರ ಹೋಗಿ ಬೆಚ್ಚಿಸಿದಿ ಅಂದ್ರ ಮೈಮ್ಯಾಲ ಬರತೈತಿ. ಅದಕ್ಕ ನೀ ಬರೋದು ಮೊದಲ ಅದಕ್ಕ ತಿಳೀಬೇಕು."

ಗೆಜ್ಜೆಗೋಲು ಏತಕ್ಕೆಂದು ಆಗ ಅರ್ಥವಾಯಿತು. ಮಾವನ ಅಜ್ಜನ ಕಾಲದಲ್ಲಿ ಬೇಟೆಗೆ ಹೊರಟವರು ಉಸಿರು ಬಿಗಿಹಿಡಿದು, ಗಾಳಿಗೆ ಎದುರಾಗಿ, ಒಣ ಎಲೆ ಸದ್ದಾಗದಂತೆ ಹೆಜ್ಜೆ ಇಡುತ್ತಿದ್ದರಂತೆ. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕರಡಿ ಮೊದಲ ಅನುಸೂಚಿಯ ಪ್ರಾಣಿ, ಹುಲಿ ಆನೆಗಳ ಸಾಲಿನದು. ಅದನ್ನು ಕೊಲ್ಲುವುದು ಜೈಲಿನ ದಾರಿ. ಅಜ್ಜ ಕಲಿಸಿದ ಒಂದೊಂದು ಪಾಠವನ್ನೂ ಮೊಮ್ಮಗ ತಿರುವು ಮುರುವು ಮಾಡಿಕೊಂಡಿದ್ದಾರೆ. ಸದ್ದು ಮಾಡುತ್ತ ಹೋಗಬೇಕು, ಬೆಳಕು ಬಿಡುತ್ತ ಹೋಗಬೇಕು, ಗಾಳಿ ನಮ್ಮ ಬೆನ್ನಿಗಿರಬೇಕು, ನಮ್ಮ ವಾಸನೆ ನಮಗಿಂತ ಮುಂಚೆ ಹಳ್ಳ ಮುಟ್ಟಬೇಕು. ಇದು ಕಮ್ಮಿ ಧೈರ್ಯದ ಕೆಲಸವೆಂದು ನನಗೆ ಅನ್ನಿಸಲಿಲ್ಲ. ಬಂದೂಕು ಹಿಡಿದವನಿಗೆ ಒಂದು ರಾತ್ರಿಯ ಕೆಲಸ. ಇವರಿಗೆ ತೆನೆ ಬಲಿಯುವ ತನಕ ದಿನಾ ರಾತ್ರಿ.

ದಾರಿಯಲ್ಲಿ ಹುಡುಗ ಮುಂದೆ, ನಾನು ನಡುವೆ, ಮಾವ ಹಿಂದೆ. ಗೆಜ್ಜೆ ಝಲ್ ಝಲ್. ಹಳ್ಳದ ದಂಡೆಯಲ್ಲಿ ಮಾವ ನಿಲ್ಲಿಸಿ ಬ್ಯಾಟರಿ ಬಿಟ್ಟರು. ಸೊಂಟದೆತ್ತರದ ಹುತ್ತವೊಂದರ ಮಗ್ಗುಲು ಬಗೆದುಹೋಗಿತ್ತು. ಬಗ್ಗಿ ನೋಡಿದೆ. ಗಟ್ಟಿ ಕೆಮ್ಮಣ್ಣಿನ ಮೇಲೆ ಐದು ಗೀರು, ಒಂದರ ಪಕ್ಕ ಒಂದು, ಕುಂಟೆ ಎಳೆದಷ್ಟು ನೇರ. ನನ್ನ ಕಿರುಬೆರಳು ಪೂರ್ತಿ ಕೂರುವಷ್ಟು ಆಳ. ಈ ಹುತ್ತಕ್ಕೆ ಗುದ್ದಲಿ ಹಾಕಿದರೆ ಕೈ ಜುಮ್ಮೆನ್ನುತ್ತದೆ, ಕರಡಿಯ ಬೆರಳುದ್ದದ ಉಗುರಿಗೆ ಅದು ಬೆಣ್ಣೆ. ಗೀರುಗಳ ಕೊನೆಗೆ ದುಂಡನೆಯ ತೂತು. ಅಲ್ಲಿಗೆ ಮೂತಿ ಇಟ್ಟು ಮೊದಲು ಧೂಳನ್ನು ಊದುತ್ತದೆ, ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನು ಹೀರುತ್ತದೆ. ಹೀರಲು ಅನುಕೂಲವಾಗಲೆಂದೇ ಏನೋ, ಮೇಲ್ದವಡೆಯ ನಟ್ಟನಡುವಿನ ಎರಡು ಹಲ್ಲು ಈ ಪ್ರಾಣಿಗೆ ಇರುವುದೇ ಇಲ್ಲ. ಪಕ್ಕದಲ್ಲಿ ಹಿಕ್ಕೆ ಬಿದ್ದಿತ್ತು, ಅದರ ತುಂಬ ಯಾವುದೋ ಹಣ್ಣಿನ ಬೀಜ. ಕವಳಿ, ಬಾರೆ, ನೇರಳೆ, ಕಕ್ಕೆ ಎಲ್ಲ ತಿಂದು ಬೀಜ ಹರಡುತ್ತ ಹೋಗುವ ಪ್ರಾಣಿ ಇದು. ಇದನ್ನು ಕೇಡಿನ ಮೃಗ ಎಂದಷ್ಟೇ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೆತ್ತನೆ ಮಣ್ಣಿನಲ್ಲಿ ಹಿಂಗಾಲಿನ ಹೆಜ್ಜೆ ಒಂದು ಸ್ಪಷ್ಟವಾಗಿತ್ತು. ಹಿಮ್ಮಡಿ, ಅಂಗಾಲು, ಐದು ಬೆರಳು, ಥೇಟು ಬರಿಗಾಲಿನ ಮನುಷ್ಯ ನಡೆದಂತೆ. ಹುಡುಗ ತನ್ನ ಚಪ್ಪಲಿ ಕಳಚಿ ಪಕ್ಕದಲ್ಲಿ ಕಾಲೂರಿ ನೋಡಿದ. ಯಾರೂ ಮಾತಾಡಲಿಲ್ಲ.

ನಾಲ್ಕು ಕಂಬದ ಅಟ್ಟ, ಮೇಲೆ ತಾಡಪಾಲು. ಏರಿ ಕೂತೆವು. ಅಟ್ಟ ಹತ್ತಿದರೆ ಕ್ಷೇಮ ಎಂದು ನಾನು ನೆಮ್ಮದಿಯ ಉಸಿರು ಬಿಟ್ಟರೆ, ಅದು ಮರ ಹತ್ತುತ್ತದೆ ಎಂದು ಮಾವ ತಣ್ಣಗೆ ಹೇಳಿದರು. ಎದುರಿಗೆ ಬಂದರೆ ಓಡಬಾರದು, ಓಡಿದರೆ ಬೆನ್ನು ಹತ್ತುತ್ತದೆ. ಬಿದ್ದರೆ ಬೋರಲು ಬಿದ್ದು ಮುಖ ಮುಚ್ಚಿಕೊಂಡು ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಳ್ಳಬೇಕು. ಹುಡುಗ ಅದನ್ನೆಲ್ಲ ಶಾಲೆಯ ಮಗ್ಗಿಯಂತೆ ಒಪ್ಪಿಸಿದ. ನಾನು ಸವಣೂರಿನ ಎಲೆಯ ಕಟ್ಟು ಬಿಚ್ಚಿದೆ. ಮಾವ ಎಲೆಯ ಬೆನ್ನಿಗೆ ಸುಣ್ಣ ಸವರುತ್ತ ದರೋಜಿಯ ಸುದ್ದಿ ತೆಗೆದರು. ಹಂಪಿಗೆ ಹೋದಾಗ ನೋಡಿದ್ದರಂತೆ. 1994ರಲ್ಲಿ ಕರಡಿಗಳಿಗಾಗಿಯೇ ಆದ ಧಾಮ ಅದು. ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಡುತ್ತಾರೆ, ಇಳಿಹೊತ್ತಿಗೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಇಳಿದು ಬರುತ್ತವೆ, ಜನ ಕ್ಯಾಮೆರಾ ಹಿಡಿದು ಕಾಯುತ್ತಾರೆ. "ಅಲ್ಲಿ ನೋಡಿದ್ರ ಮುದ್ದು ಬರತೈತಿ ನೋಡು" ಎಂದರು. ಹೊಲದ ಕಡೆಗೆ ಒಮ್ಮೆ ಬ್ಯಾಟರಿ ಬೀಸಿದರು.

ಗಂಟೆಗೊಮ್ಮೆ ಡಬ್ಬಿ ಬಾರಿಸುವ ಸರದಿ ಹುಡುಗನದು. ಮೊದಮೊದಲು ಹೇಗೆ ಬೇಕೋ ಹಾಗೆ ಬಡಿಯುತ್ತಿದ್ದವನು ನಡುರಾತ್ರಿಯ ಹೊತ್ತಿಗೆ ಲಯ ಹಿಡಿದ. ಊರ ಜಾತ್ರೆಯಲ್ಲಿ ಪಲ್ಲಕ್ಕಿಯ ಮುಂದೆ ಕೇಳಿದ ಕರಡಿ ಮಜಲಿನ ಗತ್ತು ಅದು. ನಮ್ಮ ಸೀಮೆಯಲ್ಲಿ ಕರಡಿ ಎಂದರೆ ವಾದ್ಯವೂ ಹೌದಲ್ಲ! ಕರಡಿ ಓಡಿಸಲು ಕರಡಿ ಬಾರಿಸುತ್ತಿದ್ದಾನೆ ಎಂದು ಮಾವನಿಗೆ ಹೇಳಿದೆ. ಅವರು ಕತ್ತಲಲ್ಲೇ ನಕ್ಕರು. ದೂರದ ಹೊಲದಿಂದ ಇನ್ನೊಂದು ಡಬ್ಬಿ ಓಗೊಟ್ಟಿತು, ಅದರಾಚೆಯಿಂದ ಮತ್ತೊಂದು. ಹಳ್ಳದ ಗುಂಟ ಹೊಲದಿಂದ ಹೊಲಕ್ಕೆ ಸದ್ದಿನ ಬೇಲಿ ಎದ್ದಿತು.

ನಾಲ್ಕು ಗಂಟೆಯ ಸುಮಾರಿಗೆ ನನಗೆ ತೂಕಡಿಕೆ. ಹುಡುಗ ಮೊಣಕೈಯಿಂದ ತಿವಿದ. ಹಳ್ಳದ ಕಡೆಯಿಂದ ಫೂ ಎಂದು ಊದುವ ಸದ್ದು, ಹಿಂದೆಯೇ ಸೊರ್ ಎಂದು ಹೀರುವ ಸದ್ದು. ಮತ್ತೆ ಊದು, ಮತ್ತೆ ಹೀರು. ಮಕ್ಕಳು ಬಿಸಿ ಗಂಜಿ ಕುಡಿಯುವಾಗ ಮಾಡುತ್ತಾರಲ್ಲ, ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿದಂತೆ. ನೂರು ಮೀಟರಿನಾಚೆ ಇದ್ದರೂ ಕಾಲ ಬುಡದಲ್ಲೇ ಇದ್ದಂತೆ ಕೇಳುತ್ತಿತ್ತು. ಹುಡುಗನ ಕೈ ಬಡಿಗೆಗೆ ಹೋಯಿತು. ಮಾವ ಮಣಿಕಟ್ಟು ಹಿಡಿದರು.

"ಹುತ್ತ ತಿನ್ನಾಕ ಹತ್ತೇತಿ. ತಿನ್ನಲಿ. ಹೊಲದಾಗ ಕಾಲಿಟ್ರ ಬಾರಿಸು."

ನಾವು ಮೂವರೂ ಕೇಳುತ್ತ ಕೂತೆವು. ಬಡಿಗೆ ಹುಡುಗನ ತೊಡೆಯ ಮೇಲೆ, ಅದರ ಮೇಲೆ ಅವನ ಕೈ. ಕೈ ನಡುಗುತ್ತಿತ್ತು, ಬಡಿಗೆಯನ್ನು ಮಾತ್ರ ಎತ್ತಲಿಲ್ಲ. ಸದ್ದು ಒಂದಷ್ಟು ಹೊತ್ತು ಅಲ್ಲೇ ಇದ್ದು, ಹಳ್ಳದ ಗುಂಟ ಸರಿದು, ಕಲ್ಲು ಉರುಳಿದ ಸದ್ದಾಗಿ ನಿಂತಿತು. ನಾನು ಕರಡಿಯನ್ನು ನೋಡಲಿಲ್ಲ.

ಮೂಡಲಲ್ಲಿ ಬಿಳುಪು ಕಾಣುವ ಮುಂಚೆಯೇ ಮಾವ ಮೊಬೈಲು ತೆಗೆದರು. ಕರಡಿ ಗುಡ್ಡಕ್ಕೆ ಮರಳುವ ಹೊತ್ತೂ ಇದೇ, ಹೆಣ್ಣುಮಕ್ಕಳು ಬಯಲಕಡೆಗೆ, ಕಟ್ಟಿಗೆಗೆ, ಕಳೆ ಕೀಳಲು ಹಳ್ಳ ದಾಟುವ ಹೊತ್ತೂ ಇದೇ. ಒಂದಾದ ಮೇಲೊಂದು ಮನೆಗೆ ಫೋನು ಹೋಯಿತು. "ಹಳ್ಳದಾಗ ಐತಿ. ಬಿಸಲು ಬಿದ್ದ ಮ್ಯಾಲ ಕಳಸ್ರಿ. ಆ ತುದಿ ಮನಿಗೂ ಹೇಳ್ರಿ." ಕೊನೆಯ ಎರಡು ಫೋನು ಹುಡುಗನೇ ಮಾಡಿದ, ಅಪ್ಪನ ಮಾತನ್ನೇ ಅಕ್ಷರ ಬಿಡದೆ, ಸ್ವಲ್ಪ ದೊಡ್ಡ ದನಿಯಲ್ಲಿ.

ನಾವು ಊರ ಕಡೆ ಗೆಜ್ಜೆ ಬಾರಿಸುತ್ತ ಬರುವಾಗ ಮಾವಿನ ತೋಪಿನ ಬದುವಿನ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಪಕ್ಕದಲ್ಲಿ ಬುತ್ತಿಯ ಗಂಟು, ಕುಡುಗೋಲು. "ಹೋತೇನೋ ತಮ್ಮಾ?" ಎಂದು ಒಬ್ಬಾಕೆ ಕೇಳಿದಳು. ಹುಡುಗ ಗೆಜ್ಜೆಗೋಲನ್ನು ಆಕೆಯ ಕೈಗೆ ಕೊಟ್ಟ.

"ಹೋಗೇತಿ ಬೇ. ಆದ್ರೂ ಇದನ್ನ ಬಾರಿಸ್ಕೋಂತ ಹೋಗ್ರಿ."