ಕಾರಿನ ಸಂಗೀತ ಕಿವಿಗೇಕೆ ಚುಚ್ಚುತ್ತದೆ?

ನಮ್ಮ ಮಿತ್ರರೊಬ್ಬರು ತಮ್ಮ ಹಳೆಯ ಕಾರಿಗೆ ಹೊಸ ಧ್ವನಿವರ್ಧಕಗಳನ್ನು ಹಾಕಿಸಿದರು. ಕಾರ್ಖಾನೆಯಿಂದ ಬಂದಿದ್ದ ಸಾಧಾರಣ ಕಾಗದದ ಸ್ಪೀಕರುಗಳು ಹೋಗಿ, ಬಾಗಿಲುಗಳಲ್ಲಿ ಹದಿನಾರೂವರೆ ಸೆಂಟಿಮೀಟರಿನ ವೂಫರುಗಳೂ ಮುಂಗಾಜಿನ ಬುಡದಲ್ಲಿ ಅಲ್ಯುಮಿನಿಯಮ್ ಗುಮ್ಮಟದ ಎರಡು ಪುಟ್ಟ ಟ್ವೀಟರುಗಳೂ ಬಂದು ಕುಳಿತವು. ಖರ್ಚೇನೂ ಅಲ್ಪವಾಗಿರಲಿಲ್ಲ. ಆದರೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ಮೊದಲ ಪ್ರಯಾಣದಲ್ಲೇ, ತುಮಕೂರು ದಾಟುವುದರೊಳಗಾಗಿ, ಹಿಂದಿನ ಆಸನದಲ್ಲಿದ್ದ ಅವರ ವೃದ್ಧ ತಾಯಿ “ಅದನ್ನು ಸ್ವಲ್ಪ ನಿಲ್ಲಿಸಪ್ಪ” ಎಂದರಂತೆ. ಸಂಗೀತವೆಂದರೆ ಪ್ರಾಣ ಬಿಡುವ ಹಿರಿಯರು ಅವರು! ಪಿಟೀಲು ತಗಡಿನಂತೆ ಕೇಳುತ್ತಿತ್ತು. ಗಾಯಕಿಯ ಸಕಾರ ಶಕಾರಗಳು ಹಾವಿನ ಬುಸುಗುಟ್ಟುವಿಕೆಯಾಗಿದ್ದವು. ಅಂಗಡಿಯವರು “ನೂರು ಗಂಟೆ ಹಾಡಿಸಿ, ತಾನಾಗಿಯೇ ಮೃದುವಾಗುತ್ತದೆ” ಎಂದು ಸಮಾಧಾನ ಹೇಳಿದರು. ಮಿತ್ರರು ಹಾಡಿಸಿಯೇ ಹಾಡಿಸಿದರು. ಮೃದುವಾಗಲಿಲ್ಲ. ಎಲ್ಲವನ್ನೂ ಕಿತ್ತು ಮಾರಿಬಿಡುವ ಯೋಚನೆಯಲ್ಲಿದ್ದಾಗ ನಮ್ಮಲ್ಲಿಗೆ ಬಂದರು.

ಟ್ವೀಟರೆಂದರೆ ಹಕ್ಕಿಯಂತೆ ಚಿಲಿಪಿಲಿಗುಟ್ಟುವುದು. ವೂಫರೆಂದರೆ ನಾಯಿಯಂತೆ ಬೊಗಳುವುದು. ಹೆಸರಿಟ್ಟವರು ರಸಿಕರೇ ಸರಿ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ ಸ್ಪೀಕರಿನ ತತ್ತ್ವವೇ ಇವೆರಡರಲ್ಲಿಯೂ ಇದೆ: ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕಂಟಿದ ಹಾಳೆ ಅಥವಾ ಗುಮ್ಮಟ. ದೊಡ್ಡ ಹಾಳೆ ಮಂದ್ರಸ್ವರಗಳಿಗೆ ಬೇಕು. ಸೆಕೆಂಡಿಗೆ ಸಾವಿರಾರು ಸಲ ಕಂಪಿಸಬೇಕಾದಾಗ ಎರಡೂವರೆ ಸೆಂಟಿಮೀಟರಿನ ಹಗುರವಾದ ಗುಮ್ಮಟವೇ ಮೇಲು. ಅಲ್ಯುಮಿನಿಯಮ್ ಗುಮ್ಮಟವಾದುದರಿಂದ ಕರ್ಕಶವೆಂದು ಅನೇಕರು ದೂರುವುದುಂಟು. ಆದರೆ ಈ ಅಳತೆಯ ಲೋಹದ ಗುಮ್ಮಟವು ತಾನೇ ನಡುಗಿ ಮೊಳಗುವುದು ಸಾಮಾನ್ಯವಾಗಿ 20,000 ಹರ್ಟ್ಸಿನ ಆಚೆಗೆ, ಮನುಷ್ಯನ ಶ್ರವಣದ ಎಲ್ಲೆ ಮೀರಿದ ಮೇಲೆ. ಪಾಪ, ಲೋಹದ ಮೇಲೆ ಹೊರಿಸಿದ ಅಪರಾಧ ಬಹುಮಟ್ಟಿಗೆ ಬೇರೆಯವರದು.

ನಮ್ಮ ಕಿವಿಯದೂ ಅದರಲ್ಲಿ ಪಾಲುಂಟು. ಕರ್ಣನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಾಗಿ, ಒಂದು ತುದಿಯಲ್ಲಿ ತಮಟೆಯಿಂದ ಮುಚ್ಚಿದ ಕೊಳವೆಯಂತಿದೆ. ಅಂಥ ಕೊಳವೆಯು ತನ್ನ ಉದ್ದದ ನಾಲ್ಕರಷ್ಟು ಉದ್ದದ ಅಲೆಗೆ ಅನುನಾದಗೊಳ್ಳುತ್ತದೆ. ಲೆಕ್ಕ ಹಾಕಿದರೆ 3400 ಹರ್ಟ್ಸಿನ ಆಸುಪಾಸು ಬರುವುದು. ಎಲ್ಲ ಸ್ವರಗಳೂ ಕಿವಿಗೆ ಸಮವಾಗಿ ಕೇಳುವುದಿಲ್ಲವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಎರಡರಿಂದ ಐದು ಸಾವಿರ ಹರ್ಟ್ಸಿನ ನಡುವೆ ನಾವು ಅತ್ಯಂತ ಸೂಕ್ಷ್ಮಗ್ರಾಹಿಗಳು. ಕೂಸಿನ ಅಳು ನಮ್ಮನ್ನು ಎಬ್ಬಿಸುವುದೂ ತಗಡಿನ ಪಿಟೀಲು ನಮ್ಮನ್ನು ಓಡಿಸುವುದೂ ಈ ವಲಯದ ಮಹಿಮೆಯೇ.

ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿದೆವು. ಯಂತ್ರದ ‘ಟ್ರೆಬಲ್’ ಗುಂಡಿಯನ್ನು ಹಿಂದಿನ ಮಂಕು ಸ್ಪೀಕರುಗಳಿಗಾಗಿ ನಾಲ್ಕು ಹೆಜ್ಜೆ ಏರಿಸಿದ್ದುದು ಹಾಗೆಯೇ ಉಳಿದಿತ್ತು, ಸೊನ್ನೆಗೆ ತಂದೆವು. ಮೆಲುದನಿಯಲ್ಲಿ ಕೇಳುವಾಗ ಮಾತ್ರ ಉಪಯುಕ್ತವಾದ ‘ಲೌಡ್‌ನೆಸ್’ ಗುಂಡಿಯನ್ನೂ ಆರಿಸಿದೆವು. ಅನಂತರ ನಾಲ್ಕು ಮಡಿಕೆಯ ಕರವಸ್ತ್ರವನ್ನು ಟ್ವೀಟರುಗಳ ಮೇಲೆ ಹೊದಿಸಿದೆವು. ಕಾಠಿಣ್ಯ ಬಹಳ ತಗ್ಗಿತು, ಪೂರ್ಣವಾಗಿ ಹೋಗಲಿಲ್ಲ. ಅಂದರೆ ಕಳ್ಳ ಒಬ್ಬನೇ ಅಲ್ಲ.

ಹೆದ್ದಾರಿಯ ವೇಗದಲ್ಲಿ ಗಾಲಿಗಳ ಮೊರೆತ ಮಂದ್ರಸ್ವರಗಳನ್ನು ನುಂಗುತ್ತದೆ. ಚಾಲಕನು ಧ್ವನಿಯನ್ನು ಏರಿಸುತ್ತಾನೆ. ಯಂತ್ರದ ಮೇಲೆ ‘50 ವಾಟ್’ ಎಂದು ಮುದ್ರಿಸಿರುವುದುಂಟು. ಎಂಜಿನ್ ಓಡುವಾಗ ಕಾರಿನಲ್ಲಿರುವುದು ಸುಮಾರು 14.4 ವೋಲ್ಟ್. ಅದನ್ನು ಏರಿಸುವ ಬೇರೆ ಏರ್ಪಾಡಿಲ್ಲದಿದ್ದರೆ, 4 ಓಮಿನ ಸ್ಪೀಕರಿಗೆ ಶುದ್ಧ ಸ್ವರವಾಗಿ ಕೊಡಬಹುದಾದುದು ಲೆಕ್ಕದ ಪ್ರಕಾರವೇ 26 ವಾಟಿಗಿಂತ ಹೆಚ್ಚಲ್ಲ. ಅದನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ 1000 ಹರ್ಟ್ಸಿನ ಅಲೆಯಲ್ಲಿ 3000, 5000 ಹರ್ಟ್ಸಿನ ಹೊಸ ಸ್ವರಗಳು ಹುಟ್ಟುತ್ತವೆ. ಹಾಡಿದವರು ಹಾಡದ ಈ ಸ್ವರಗಳು ನೇರವಾಗಿ ಟ್ವೀಟರಿಗೆ ಹೋಗುತ್ತವೆ. ನಮ್ಮ ಮಿತ್ರರ ಕಾರಿನಲ್ಲಿ ಇದೂ ಇತ್ತು. ಆದರೆ ಮೆಲುದನಿಯಲ್ಲಿಯೂ ಚುಚ್ಚುತ್ತಿದ್ದುದರಿಂದ ಮುಖ್ಯ ಕಾರಣ ಇನ್ನೆಲ್ಲೋ ಇರಬೇಕಾಗಿತ್ತು.

ಅದು ಸಿಕ್ಕಿದ್ದು ತಂತಿಯಲ್ಲಿ. ಟ್ವೀಟರಿಗೂ ಯಂತ್ರಕ್ಕೂ ನಡುವೆ ಅಂಗಡಿಯವರು 10 ಮೈಕ್ರೋಫ್ಯಾರಡಿನ ಒಂದೇ ಒಂದು ಕೆಪ್ಯಾಸಿಟರನ್ನು ಇಟ್ಟಿದ್ದರು. 4 ಓಮಿನೊಡನೆ ಅದು ಸುಮಾರು 4000 ಹರ್ಟ್ಸಿನಿಂದ ಕೆಳಗಿನ ಸ್ವರಗಳನ್ನು ತಡೆಯಬೇಕು. ಆದರೆ ಈ ತಡೆ ಗೋಡೆಯಲ್ಲ, ಇಳಿಜಾರು: ಸಪ್ತಕಕ್ಕೆ 6 ಡೆಸಿಬೆಲ್ ಮಾತ್ರ. ಈ ಟ್ವೀಟರಿನ ಸ್ವಾಭಾವಿಕ ಅನುನಾದ 1500 ಹರ್ಟ್ಸಿನಲ್ಲಿತ್ತು. ಅಲ್ಲಿ ದೊರೆಯುವ ತಡೆ ಲೆಕ್ಕದಂತೆ 9 ಡೆಸಿಬೆಲ್; ಅನುನಾದದಲ್ಲಿ ಸುರುಳಿಯ ರೋಧ ಏರುವುದರಿಂದ ವಾಸ್ತವವಾಗಿ ಅದಕ್ಕೂ ಕಡಿಮೆ. ಗುಬ್ಬಚ್ಚಿಯಿಂದ ಗಾಣ ಎಳೆಸಿದಂತಾಗಿತ್ತು. ಇತ್ತ ವೂಫರಿಗೆ ಯಾವ ತಡೆಯೂ ಇಲ್ಲದೆ, ತನ್ನದಲ್ಲದ ತಾರಸ್ವರಗಳನ್ನೂ ಅದು ನಮ್ಮ ಮೊಣಕಾಲುಗಳತ್ತ ಒದರುತ್ತಿತ್ತು.

“ಪೆಟ್ಟಿಗೆಯೊಡನೆ ಇನ್ನೇನಾದರೂ ಬಂದಿತ್ತೆ?” ಎಂದು ಕೇಳಿದೆವು. ಹಿಂದಿನ ಡಿಕ್ಕಿಯಲ್ಲಿ, ಹೆಚ್ಚುವರಿ ಚಕ್ರದ ಪಕ್ಕದಲ್ಲಿ, ಎರಡು ಕಪ್ಪು ಡಬ್ಬಿಗಳು ಮುದ್ರೆ ಒಡೆಯದೆ ಬಿದ್ದಿದ್ದವು: ಸ್ವರಗಳನ್ನು ವಿಂಗಡಿಸುವ ಕ್ರಾಸ್ಓವರುಗಳು! ಇವು ಸಪ್ತಕಕ್ಕೆ 12 ಡೆಸಿಬೆಲ್ ತಡೆಯುವಂಥವು. ಜೋಡಿಸಿದೊಡನೆ 1500 ಹರ್ಟ್ಸಿನ ತಡೆ ಲೆಕ್ಕದಲ್ಲಿ 17 ಡೆಸಿಬೆಲಿಗೆ ಏರಿತು, ವೂಫರೂ ತನ್ನ ಮಿತಿಯಲ್ಲಿ ನಿಂತಿತು. ಡಬ್ಬಿಯೊಳಗಿನ ಚಿಕ್ಕ ಕೊಂಡಿಯನ್ನು ಬದಲಿಸಿ ಟ್ವೀಟರಿನ ಶಕ್ತಿಯನ್ನು 3 ಡೆಸಿಬೆಲ್, ಅಂದರೆ ಅರ್ಧದಷ್ಟು, ಇಳಿಸಿದೆವು.

ಇಂಥ ಡಬ್ಬಿ ಇಲ್ಲದವರು ಕೆಪ್ಯಾಸಿಟರಿನ ಜತೆಗೆ ಒಂದು ರೋಧಕವನ್ನು ಸರಣಿಯಲ್ಲಿ ಸೇರಿಸುವುದು ರೂಢಿ. ಇದರಲ್ಲೊಂದು ಬಲೆ ಇದೆ. 2 ಓಮ್ ಸೇರಿಸಿದರೆ ಕೆಪ್ಯಾಸಿಟರಿಗೆ ಎದುರಾಗುವುದು 6 ಓಮ್. ಗಡಿಯು 4000ದಿಂದ 2650 ಹರ್ಟ್ಸಿಗೆ ಜಾರುತ್ತದೆ. ಮೇಲಿನ ಮಿನುಗು ತಗ್ಗುತ್ತದೆ, ತೊಂದರೆ ಕೊಡುವ ಕೆಳಗಿನ ಸ್ವರಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. 2 ಓಮನ್ನು ಸರಣಿಯಲ್ಲಿಯೂ 4 ಓಮನ್ನು ಟ್ವೀಟರಿಗೆ ಸಮಾಂತರವಾಗಿಯೂ ಇಟ್ಟರೆ ಒಟ್ಟು ಮತ್ತೆ 4 ಓಮೇ ಆಗಿ, ಗಡಿ ಕದಲದೆ 6 ಡೆಸಿಬೆಲ್ ಇಳಿಯುತ್ತದೆ. 3 ಡೆಸಿಬೆಲ್ ಸಾಕೆನ್ನುವವರಿಗೆ 1.2 ಮತ್ತು 10 ಓಮ್. ರೋಧಕಗಳು ಬಿಸಿಯಾಗುವುದರಿಂದ ತಂತಿ ಸುತ್ತಿದ ದಪ್ಪನೆಯವನ್ನೇ ಕೊಳ್ಳಬೇಕು.

ಇನ್ನುಳಿದುದು ಗಾಜು. ಗಾಜು ತಾರಸ್ವರಗಳನ್ನು ಬಹುತೇಕ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಟ್ವೀಟರು ಮೇಲ್ಮೊಗವಾಗಿದ್ದಾಗ ನೇರವಾಗಿ ಬಂದ ಅಲೆಗೂ ಗಾಜಿಗೆ ಬಡಿದು ಬಂದ ಅಲೆಗೂ ದಾರಿಯ ವ್ಯತ್ಯಾಸ, ನಮ್ಮ ದಾರದ ಅಳತೆಯಲ್ಲಿ, ಹತ್ತು ಸೆಂಟಿಮೀಟರಿನಷ್ಟಿತ್ತು. ಆಗ 1700 ಹರ್ಟ್ಸಿನ ಬಳಿ ಎರಡೂ ಒಂದನ್ನೊಂದು ಅಳಿಸುತ್ತವೆ. 3400ರ ಬಳಿ ಒಂದಕ್ಕೊಂದು ಬಲ ಕೊಡುತ್ತವೆ. ಕರ್ಣನಾಳವು ಅನುನಾದಗೊಳ್ಳುವ ಜಾಗವೂ ಅದೇ! ಟ್ವೀಟರುಗಳನ್ನು ಬಾಗಿಲ ಮೂಲೆಯ ಕಂಬಕ್ಕೆ ಏರಿಸಿ, ಎರಡು ಮುಂದಿನ ಆಸನಗಳ ನಡುವಣ ಜಾಗಕ್ಕೆ ಮುಖ ಮಾಡಿದೆವು. ಮೊದಲು ಅಂಟುಪಟ್ಟಿಯಿಂದ ಹಚ್ಚಿ ಎರಡು ದಿನ ಕೇಳಿದ ಮೇಲೆಯೇ ರಂಧ್ರ ಕೊರೆದದ್ದು. ಕೊರೆದ ರಂಧ್ರವನ್ನು ಮುಚ್ಚುವುದು ಕಷ್ಟ.

ಕೊನೆಯದು ತಂತಿಯ ಧನ ಋಣಗಳು. 3000 ಹರ್ಟ್ಸಿನ ಅಲೆಯ ಉದ್ದ ಸುಮಾರು 11.4 ಸೆಂಟಿಮೀಟರ್. ಕಂಬದ ಟ್ವೀಟರಿಗೂ ಬಾಗಿಲ ವೂಫರಿಗೂ ಕಿವಿಯಿಂದ ಇರುವ ದೂರದಲ್ಲಿ ಅದರ ಅರ್ಧದಷ್ಟು ವ್ಯತ್ಯಾಸವಾದರೂ ಎರಡೂ ಸೇರುವೆಡೆಯಲ್ಲಿ ಹಳ್ಳ ಬೀಳುತ್ತದೆ. ಕಾರಿನಲ್ಲಿ ಇದನ್ನು ಲೆಕ್ಕದಿಂದ ನಿರ್ಧರಿಸುವುದಕ್ಕಿಂತ ಪರೀಕ್ಷೆಯೇ ಸುಲಭ. ಗೆಳೆಯರು ಹೊರಗೆ ನಿಂತು ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡುತ್ತಿದ್ದರು. ನಾವು ಒಳಗೆ ಕುಳಿತು ಒಂದೇ ಹಾಡಿನ ಒಂದೇ ಸಾಲನ್ನು ಕೇಳಿದೆವು. ಧ್ವನಿ ತುಂಬಿಕೊಂಡು ಬಂದ ಜೋಡಣೆಯನ್ನೇ ಉಳಿಸಿದೆವು. ಬಲಗಡೆ ತಂತಿ ತಿರುಗಿತು, ಎಡಗಡೆ ಹಾಗೆಯೇ ನಿಂತಿತು. ಇದಕ್ಕೆ ಪುಸ್ತಕದಲ್ಲಿ ಸಮರ್ಥನೆ ಹುಡುಕಲು ನಾವು ಹೋಗಲಿಲ್ಲ.

ಇಷ್ಟಕ್ಕೂ ಮೀರಿ ಉಳಿದ ಚೂರು ಒರಟುತನಕ್ಕಾಗಿ ಯಂತ್ರದ ಈಕ್ವಲೈಸರಿನಲ್ಲಿ 3150 ಹರ್ಟ್ಸಿನ ಪಟ್ಟಿಯನ್ನು 2 ಡೆಸಿಬೆಲ್ ಇಳಿಸಿದೆವು. ಇದನ್ನೇ ಮೊದಲು ಮಾಡಬಹುದಾಗಿತ್ತಲ್ಲ ಎಂದು ಮಿತ್ರರು ಕೇಳಿದರು. ಮಾಡಬಹುದಾಗಿತ್ತು, ಆಗ ಹನ್ನೆರಡು ಡೆಸಿಬೆಲ್ ಇಳಿಸಬೇಕಾಗಿ, ಗಾಯಕಿಯ ಅರ್ಧ ದನಿಯೂ ಅದರೊಡನೆ ಹೋಗುತ್ತಿತ್ತು.

ಮುಂದಿನ ತಿಂಗಳು ಅದೇ ದಾರಿಯಲ್ಲಿ ಎಲ್ಲರೂ ಹೊರಟೆವು. ತುಮಕೂರು ಕಳೆಯಿತು, ತಿಪಟೂರು ಕಳೆಯಿತು. ಹಿಂದಿನ ಆಸನದಿಂದ ಆಕ್ಷೇಪಣೆ ಬರಲಿಲ್ಲ. ಅರಸೀಕೆರೆಯ ಬಳಿ ಹಾಡು ಮುಗಿದಾಗ ತಾಯಿಯವರು “ಅದನ್ನೇ ಇನ್ನೊಮ್ಮೆ ಹಾಕು” ಎಂದರು. ಈಗ ಎಡಬಾಗಿಲಿನ ಒಳಹಲಗೆಯೊಂದು ಮೃದಂಗದ ಪ್ರತಿ ಪೆಟ್ಟಿಗೂ ಗರಗರ ಎನ್ನುತ್ತಿದೆ. ಬರುವ ಭಾನುವಾರ ಅದನ್ನು ಬಿಚ್ಚಬೇಕು.